ಕೇಸ್ ಟ್ರಿಮ್ ಮಾಡಲು ಕೈ ಕಟರ್ ಸಾಕೇ ಸಾಕು, ಹಿಡಿ ಬದಲಿಸಿದರೆ

ಕಾಡತೂಸು ರೀಲೋಡ್ ಮಾಡುವವರಿಗೆ, ಅಂದರೆ ಹಾರಿಸಿದ ಕಾಡತೂಸಿನ ಖಾಲಿ ಕೇಸನ್ನು ಮತ್ತೆ ತುಂಬಿ ಬಳಸುವವರಿಗೆ, ಕೇಸಿನ ಬಾಯಿ ಕತ್ತರಿಸಿ ಉದ್ದ ಸರಿಮಾಡುವ ಈ ಚಿಕ್ಕ ಟ್ರಿಮ್ಮರ್ ತುಂಬಾ ಒಳ್ಳೆಯದು. ಇದರಲ್ಲಿ ಉದ್ದ ನಿಗದಿ ಮಾಡುವ ಗೇಜ್ ಪಿನ್ ಇದೆ. ಪಿನ್ ಕೇಸಿನ ಬಾಯಿಂದ ಒಳಗೆ ಹೋಗಿ, ತಳದ ಸಣ್ಣ ತೂತು (ಫ್ಲ್ಯಾಶ್ ಹೋಲ್) ದಾಟಿ, ಕೆಳಗೆ ಕೇಸನ್ನು ಹಿಡಿದಿಡುವ ಲಾಕ್ ಸ್ಟಡ್‌ಗೆ ತಾಗಿದ ಕೂಡಲೇ ಕತ್ತರಿಸುವುದು ನಿಲ್ಲುತ್ತದೆ. ಉದ್ದ ಹೊಂದಿಸುವ ತಲೆನೋವೇ ಇಲ್ಲ. .308 ವಿಂಚೆಸ್ಟರ್ ಕೇಸ್ 2.015 ಇಂಚು ಮೀರಬಾರದು, ಸಾಮಾನ್ಯವಾಗಿ 2.005ಕ್ಕೆ ಇಳಿಸುತ್ತಾರೆ. ಉದ್ದ ಜಾಸ್ತಿಯಾದ ಕೇಸಿನ ಬಾಯಿ ಚೇಂಬರಿನ (ಬಂದೂಕಿನಲ್ಲಿ ಕಾಡತೂಸು ಕೂರುವ ಜಾಗದ) ತುದಿಗೆ ಒತ್ತಿಕೊಂಡು ಗುಂಡನ್ನು ಬಿಗಿಹಿಡಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು, ಹಾಗಾಗಿ ಬೇಸರ ಅಂತ ಈ ಕೆಲಸ ಬಿಡುವಂತಿಲ್ಲ.

ನನಗೆ ಹಿಡಿಸದಿದ್ದದ್ದು ಕಟರಿನ ಹಿಡಿ. ತೀರಾ ಸಣ್ಣದು, ಬೆರಳು ಬೇಗ ನೋಯುತ್ತದೆ. ದುಂಡನೆಯ ಮರದ ಹಿಡಿ ಹಾಕಿಕೊಂಡರೆ ಅಂಗೈಯಿಂದ ಒತ್ತಬಹುದು, ಕಟರ್ ಕೂಡ ಅದುರದೆ ನುಣ್ಣಗೆ ಕತ್ತರಿಸುತ್ತದೆ. ಲಾಕ್ ಸ್ಟಡ್ಡನ್ನು ಕಾರ್ಡ್‌ಲೆಸ್ ಡ್ರಿಲ್ಲಿನ ಚಕ್‌ಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದರೆ ಇನ್ನೂ ಸುಲಭ. ಕತ್ತರಿಸಿದ ಮೇಲೆ ಕೇಸ್ ತೆಗೆಯದೆಯೇ ಚ್ಯಾಂಫರ್ ಟೂಲ್ ತಾಗಿಸಿ ಬಾಯಿಯ ಒಳ, ಹೊರ ಅಂಚಿನ ಚೂಪನ್ನೂ ತೆಗೆಯಬಹುದು. ಇನ್ನೂ ಸ್ವಲ್ಪ ಗಿಡ್ಡ ಬೇಕು ಅಂತ ಪಿನ್ನಿನ ತುದಿ ಉಜ್ಜುವವರೂ ಇದ್ದಾರೆ. ಉಜ್ಜಿ, ಆದರೆ ಪ್ರತಿ ಸಲ ಒಂದು ಕೇಸ್ ಕತ್ತರಿಸಿ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಜಾಸ್ತಿ ಹೋದರೆ ಪಿನ್ ಹಾಳು, ಅಲ್ವಾ?

ಫುಲ್ ಲೆಂತ್ ಸೈಜಿಂಗ್ (ಹಿಗ್ಗಿದ ಕೇಸನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುವುದು) ಆದ ಮೇಲೇ ಟ್ರಿಮ್ ಮಾಡಿ, ಏಕೆಂದರೆ ಸೈಜಿಂಗ್‌ನಲ್ಲೇ ಕೇಸ್ ಉದ್ದವಾಗುತ್ತದೆ. ಹಳೆಯ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ತಳದ ಪುಟ್ಟ ಬಟ್ಟಲು) ಹೊರಗೆ ಬಂದಿರಲೇಬೇಕು, ಇಲ್ಲದಿದ್ದರೆ ಪಿನ್ ಕೆಳಗೆ ಇಳಿಯುವುದಿಲ್ಲ. ಒಂದೆರಡು ಕ್ಯಾಲಿಬರ್ ಇರುವವರು ಯೋಚಿಸದೆ ತಗೊಳ್ಳಿ. ಪ್ರತಿಯೊಂದಕ್ಕೂ ಬೇರೆ ಪಿನ್ ಬೇಕಾಗುವುದರಿಂದ, ಹತ್ತಾರು ಕ್ಯಾಲಿಬರ್ ಇದ್ದರೆ ಲೇತ್ ಥರದ ಕ್ರ್ಯಾಂಕ್ ಟ್ರಿಮ್ಮರೇ ಸರಿ.