ಮಿಶಿಗನ್ ಸರೋವರದ ದಡದಲ್ಲಿ ಹತ್ತೂವರೆ ಅಡಿ ರಾಡು: ಆರು ಚಳಿಗಾಲ ಬಳಸಿದ ಮೇಲೆ

ಮೀನು ಹಿಡಿಯುವ ಈ ರಾಡಿಗೆ ಐದಕ್ಕೆ ಐದು. ಅದರ ಜೊತೆ ಬಂದ, ದಾರ ಸುತ್ತುವ ರೀಲಿಗೆ ಎರಡು. ಎರಡನ್ನೂ ಸೆಟ್ ಅಂತ ಒಂದೇ ಡಬ್ಬದಲ್ಲಿ ಮಾರುತ್ತಿದ್ದರು. ಆದರೆ ಒಟ್ಟಿಗೆ ಒಂದೇ ಅಂಕ ಕೊಟ್ಟರೆ ರಾಡಿಗೆ ಅನ್ಯಾಯವಾಗುತ್ತದೆ.

2019ರ ಅಕ್ಟೋಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ 140 ಡಾಲರ್ ಕೊಟ್ಟು ತಂದೆ. ಹತ್ತೂವರೆ ಅಡಿ ಉದ್ದ, ಎರಡು ತುಂಡು, 7ರಿಂದ 28 ಗ್ರಾಂ ತೂಕದ ಗಾಳ ಎಸೆಯಬಲ್ಲದು. ರೀಲು 4000 ಗಾತ್ರದ್ದು. ಈ ಮಾದರಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ನೀವು ಯಾವ ಕಂಪನಿಯದ್ದೇ ಕೊಳ್ಳಿ, ನೋಡಬೇಕಾದದ್ದು ಈ ಅಳತೆಗಳನ್ನು.

ನಾನು ಬೆಳೆದದ್ದು ಕುಂದಾಪುರದ ಕಡೆ. ಅಳಿವೆಯಲ್ಲಿ ನಿಂತು ಬರೀ ಕೈಯಲ್ಲಿ ನೈಲಾನ್ ದಾರ ಬೀಸಿ ಗಾಳ ಹಾಕಿದವನು. ಇಲ್ಲಿಗೆ ಬಂದಾಗ ಸರೋವರ ಅಂದರೆ ದೊಡ್ಡ ಕೆರೆ ಅಂದುಕೊಂಡು ಆರೂವರೆ ಅಡಿಯ ಸಣ್ಣ ರಾಡು ಹಿಡಿದು ಮಿಲ್ವಾಕಿಯ ಮೆಕಿನ್ಲಿ ಕಟ್ಟೆಗೆ ಹೋಗಿದ್ದೆ. ಇದು ಕೆರೆ ಅಲ್ಲ. ಸುಮಾರು 58,000 ಚದರ ಕಿಲೋಮೀಟರ್ ನೀರು, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅತಿ ಆಳದ ಕಡೆ 281 ಮೀಟರ್. ಗಾಳಿ ಎದ್ದರೆ ಅಲೆ ನಮ್ಮ ಕಡಲಿನ ಹಾಗೇ ಕಟ್ಟೆಯ ಮೇಲೆ ಬಡಿಯುತ್ತದೆ. ಉಪ್ಪಿನ ವಾಸನೆ ಇಲ್ಲ, ಅಷ್ಟೇ.

ಇಲ್ಲಿ ದಡದಲ್ಲಿ ನಿಂತವನಿಗೆ ಮೀನು ಸಿಗುವುದು ನೀರು ಎಷ್ಟು ತಣ್ಣಗಿದೆ ಅನ್ನುವುದರ ಮೇಲೆ. ಟ್ರೌಟ್, ಸಾಲ್ಮನ್ ಎರಡಕ್ಕೂ ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ ನೀರು ಹಿತ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದರೆ ಅವು ಆಳಕ್ಕೆ ಇಳಿದುಬಿಡುತ್ತವೆ. ಆಗ ಪಡುವಣ ಗಾಳಿಗೆ ಕಾಯಬೇಕು. ಮಿಲ್ವಾಕಿ ಇರುವುದು ಸರೋವರದ ಪಶ್ಚಿಮ ದಡದಲ್ಲಿ. ಪಡುವಣ ಗಾಳಿ ಎರಡು ದಿನ ಬೀಸಿದರೆ ಮೇಲಿನ ಬೆಚ್ಚನೆ ನೀರನ್ನು ಆಚೆಗೆ ತಳ್ಳುತ್ತದೆ, ಅಡಿಯ ತಣ್ಣೀರು ದಡಕ್ಕೆ ಏರುತ್ತದೆ. ಅದರ ಹಿಂದೆಯೇ ಮೀನು. ಅಟ್‌ವಾಟರ್ ದಡದ ಬಳಿ ಬೇಸಿಗೆಯಲ್ಲಿ ತೇಲಿಬಿಡುವ ಯಂತ್ರ ನೀರಿನ ಉಷ್ಣತೆ ತೋರಿಸುತ್ತದೆ. ಜುಲೈ ತಿಂಗಳಲ್ಲಿ ನಾನು ಎದ್ದ ತಕ್ಷಣ ನೋಡುವುದು ಅದನ್ನೇ.

ಆದರೆ ಮೀನು ಬಂದರೂ ಕಾಲ ಬುಡಕ್ಕೇ ಬರುವುದಿಲ್ಲ ಅಲ್ವಾ? ಐವತ್ತು, ಅರವತ್ತು ಮೀಟರ್ ಆಚೆ ಹಾದುಹೋಗುತ್ತದೆ. ಉದ್ದ ರಾಡಿನ ಬೆಲೆ ಗೊತ್ತಾಗುವುದು ಇಲ್ಲಿ. 19 ಗ್ರಾಮಿನ ಲಿಟಲ್ ಕ್ಲಿಯೊ ಸ್ಪೂನ್ ಕಟ್ಟಿ ಎರಡೂ ಕೈಯಲ್ಲಿ ಬೀಸಿದರೆ 70 ಮೀಟರ್ ಸಲೀಸು. ಸ್ಪೂನ್ ಅಂದರೆ ಚಮಚದ ಬಟ್ಟಲಿನ ಹಾಗೆ ಬಾಗಿದ ಲೋಹದ ತುಂಡು. ಎಳೆದಾಗ ಗಾಯಗೊಂಡ ಸಣ್ಣ ಮೀನಿನಂತೆ ಓಲಾಡುತ್ತದೆ. ಹಗಲಿಗೆ ನೀಲಿ ಬೆಳ್ಳಿ, ಬೆಳಗಿನ ಜಾವಕ್ಕೆ ಕತ್ತಲಲ್ಲಿ ಹೊಳೆಯುವ ಬಣ್ಣದ್ದು. ಬೇರೆ ಎಷ್ಟೋ ಕೊಂಡಿದ್ದೇನೆ, ಕೊನೆಗೆ ಕೈ ಹೋಗುವುದು ಇವಕ್ಕೇ.

ಮೀನು ಸಿಕ್ಕ ಮೇಲೂ ಉದ್ದ ಕೆಲಸಕ್ಕೆ ಬರುತ್ತದೆ. ಕಟ್ಟೆಯ ಬುಡದಲ್ಲಿ ಬಂಡೆಗಳಿವೆ. ಮೀನು ಅತ್ತ ನುಗ್ಗಿದಾಗ ರಾಡು ಮುಂದೆ ಚಾಚಿ ದಾರವನ್ನು ಕಲ್ಲಿನಿಂದ ದೂರ ಇಡಬಹುದು. 2022ರ ಜನವರಿಯಲ್ಲಿ ಬಂದರಿನೊಳಗೆ 11 ಪೌಂಡಿನ ಬ್ರೌನ್ ಟ್ರೌಟ್ ಹಿಡಿದದ್ದು ಹೀಗೆ. ಬೆಣ್ಣೆ ಬಣ್ಣದ ಹೊಟ್ಟೆ, ಮೈ ತುಂಬ ಕಪ್ಪು ಚುಕ್ಕೆ. ಚಳಿಗೆ ಬೆರಳು ಮರಗಟ್ಟಿತ್ತು, ಆದರೂ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ.

ಚಳಿಗಾಲದಲ್ಲಿ ರಾಡಿಗೆ ದೊಡ್ಡ ಶತ್ರು ಹಿಮಗಡ್ಡೆ. ದಾರ ತಂದ ನೀರು ರಿಂಗುಗಳಲ್ಲಿ ಹೆಪ್ಪುಗಟ್ಟುತ್ತದೆ. ಹತ್ತು ಸಲ ಎಸೆಯುವುದರೊಳಗೆ ದಾರ ಹೋಗುವ ತೂತೇ ಮುಚ್ಚಿಹೋಗುತ್ತದೆ. ಮೂರನೇ ಚಳಿಗಾಲದಲ್ಲಿ ನಾನು ಅದನ್ನು ಬೆರಳಿನಿಂದ ಒಡೆಯಲು ಹೋದೆ. ತುದಿ ರಿಂಗಿನೊಳಗಿನ ಪಿಂಗಾಣಿ ಬಳೆ ಹಾರಿಹೋಯಿತು. ಅದು ರಾಡಿನ ತಪ್ಪಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ರಾಡನ್ನು ಸುಮ್ನೆ ಸರೋವರದಲ್ಲಿ ಅದ್ದಿ ತೋರಿಸಿದರು. ನೀರು ಸೊನ್ನೆಗಿಂತ ಸ್ವಲ್ಪ ಮೇಲಿರುತ್ತದೆ, ಗಡ್ಡೆ ಕರಗುತ್ತದೆ. ಆಮೇಲೆ ಒಂದು ರಿಂಗೂ ಹೋಗಿಲ್ಲ. ಹೆಣೆದ ಬ್ರೇಡ್ ದಾರ ನೀರು ಜಾಸ್ತಿ ಹೀರುತ್ತದೆ. ಹಾಗಾಗಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಾನು ಒಂಟಿ ಎಳೆಯ ನೈಲಾನ್ ದಾರಕ್ಕೆ ಬದಲಾಯಿಸುತ್ತೇನೆ.

ಇನ್ನು ರೀಲು. ಮೊದಲ ವರ್ಷ ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಚಳಿ ಬಿದ್ದ ಮೇಲೆ ತೊಂದರೆ ಶುರು. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯಲು ರೀಲಿನೊಳಗೆ ಸಣ್ಣ ಉರುಳೆಗಳಿರುತ್ತವೆ. ಈ ರೀಲಿನಲ್ಲಿ ಅಲ್ಲೂ ದಪ್ಪ ಗ್ರೀಸ್ ತುಂಬಿದ್ದರು. ಚಳಿಗೆ ಗ್ರೀಸ್ ಗಟ್ಟಿಯಾಗಿ ಉರುಳೆಗಳು ಹಿಡಿಯುವುದನ್ನೇ ಬಿಟ್ಟವು. 2020ರ ಅಕ್ಟೋಬರ್ ಕೊನೆಯ ಒಂದು ರಾತ್ರಿ, ಬಂದರಿನ ಬಾಯಲ್ಲಿ ಚಿನೂಕ್ ಸಾಲ್ಮನ್ ಹೊಡೆಯಿತು. ಮೊಟ್ಟೆ ಇಡಲು ಮರಳುವ ಚಿನೂಕ್ ಆಗ ಏನೂ ತಿನ್ನುವುದಿಲ್ಲ, ಸಿಟ್ಟಿನಿಂದ ಹೊಡೆಯುತ್ತದೆ. ಅದು ಎಳೆದ ರಭಸಕ್ಕೆ ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳ ಗಂಟಿಗೆ ಬಡಿಯಿತು. ದಾರ ಸಡಿಲವಾಗಿ ಸುತ್ತಿಕೊಂಡಿತು, ಮೀನು ಹೋಯಿತು. ಕಂಪನಿಗೆ ಕಳಿಸಿಕೊಟ್ಟ ರೀಲು ಏಳು ವಾರದ ಮೇಲೆ ರಿಪೇರಿಯಾಗಿದೆ ಅಂತ ವಾಪಸ್ ಬಂತು. ಮೊದಲ ಚಳಿಗೇ ಮತ್ತೆ ಅದೇ ಕಥೆ. ಇದು ನನಗೆ ನಿಜಕ್ಕೂ ಬೇಸರ ತಂದಿತು. ಚಳಿ ಪ್ರದೇಶದ ಸಾಲ್ಮನ್ ಸೆಟ್ ಅಂತಲೇ ಡಬ್ಬದ ಮೇಲೆ ಬರೆದಿದ್ದರು. ಕೊನೆಗೆ ನಾನೇ ಬಿಚ್ಚಿ, ಉರುಳೆಗಳ ಗ್ರೀಸ್ ಒರೆಸಿ, ಎರಡು ಹನಿ ತೆಳು ಎಣ್ಣೆ ಹಾಕಿದೆ. ಆಗ ಸರಿಹೋಯಿತು. ಆದರೂ ನಂಬಿಕೆ ಬರಲಿಲ್ಲ. ಬೇರೆ ರೀಲು ಕೊಂಡೆ, ಹಳೆಯದನ್ನು ಬೇಸಿಗೆಗೆ ಇಟ್ಟುಕೊಂಡೆ.

ಈ ಸಾಲ್ಮನ್‌ಗಳು ಇಲ್ಲಿಯವಲ್ಲ ಅನ್ನುವುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಕಡಲಿಂದ ಬಂದ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿ, ಜೊತೆಗೆ ಅತಿ ಮೀನುಗಾರಿಕೆ, ಎರಡೂ ಸೇರಿ ಇಲ್ಲಿಯದೇ ಆದ ಲೇಕ್ ಟ್ರೌಟನ್ನು ಮುಗಿಸಿದ್ದವು. ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಹೊರಗಿನ ಸಣ್ಣ ಮೀನು ಮಿತಿಮೀರಿ ಬೆಳೆಯಿತು. ಅದನ್ನು ತಿನ್ನಲಿ ಅಂತ ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೊವಾರ್ಡ್ ಟ್ಯಾನರ್ ಮುಂದಾಗಿ 1966ರಲ್ಲಿ ಪೆಸಿಫಿಕ್ ಕಡೆಯ ಕೋಹೊ ಸಾಲ್ಮನ್ ಮರಿಗಳನ್ನು ಬಿಡಿಸಿದರು. ಮರುವರ್ಷ ಚಿನೂಕ್. ಇವತ್ತಿಗೂ ಮರಿ ಬಿಡುತ್ತಲೇ ಇದ್ದಾರೆ. ಲೈಸೆನ್ಸ್ ಜೊತೆ ನಾವು ಕೊಳ್ಳುವ ಟ್ರೌಟ್ ಸಾಲ್ಮನ್ ಸ್ಟಾಂಪಿನ ದುಡ್ಡು ಅದಕ್ಕೇ ಹೋಗುತ್ತದೆ. ಸ್ಟಾಂಪ್ ಮರೆಯಬೇಡಿ.

ತಿನ್ನುವವರಿಗೆ ಒಂದು ಮಾತು. ದೊಡ್ಡ ಮೀನಿನ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೆಯ ಕಾರ್ಖಾನೆ ವಿಷ ಸೇರಿರುತ್ತದೆ. ತಿಂಗಳಿಗೆ ಎಷ್ಟು ತಿನ್ನಬಹುದು ಅಂತ ವಿಸ್ಕಾನ್ಸಿನ್ ಸರ್ಕಾರ ಪಟ್ಟಿ ಕೊಡುತ್ತದೆ. ನಾವು ಸಣ್ಣದನ್ನು ಮಾತ್ರ ಮನೆಗೆ ತರುತ್ತೇವೆ. ಚರ್ಮ, ಹೊಟ್ಟೆಯ ಕೊಬ್ಬು ತೆಗೆದು, ಬ್ಯಾಡಗಿ ಮೆಣಸು, ಹುಣಸೆಹುಳಿ ಹಚ್ಚಿ ಕಾಯಿಸುತ್ತೇವೆ.

ಇಂಥ ಉದ್ದ ರಾಡು ಯಾರು ಕೊಳ್ಳಬೇಕು? ಕಟ್ಟೆ, ಬಂಡೆ, ಮರಳ ದಡದಲ್ಲಿ ನಿಂತು ಎಸೆಯುವವರು. ಸಣ್ಣ ಹೊಳೆಯಲ್ಲಿ ಮರದ ಕೊಂಬೆಗಳ ನಡುವೆ ಈ ಉದ್ದ ಬರೀ ತೊಂದರೆ. ರಾಡು ಬಿಡಿಯಾಗಿ ಸಿಕ್ಕರೆ ಬಿಡಿಯಾಗಿಯೇ ಕೊಳ್ಳಿ. ಉಳಿದ ದುಡ್ಡಿನಲ್ಲಿ ಬೂಟಿಗೆ ಹಾಕುವ ಮುಳ್ಳುಪಟ್ಟಿ, ಲೈಫ್ ಜಾಕೆಟ್ ತೆಗೆದುಕೊಳ್ಳಿ. ಹಿಮ ಕಟ್ಟಿದ ಕಟ್ಟೆಯ ಮೇಲೆ ಅವಿಲ್ಲದೆ ನಾನು ಕಾಲಿಡುವುದಿಲ್ಲ.