ಪಾಲೋ ಆಲ್ಟೋದ ಹಲಗೆಹಾದಿಯೋ, ಅಲ್ವಿಸೋದ ಒಡ್ಡಿನ ದಾರಿಯೋ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಉಪ್ಪುಜೌಗಿನ ಹಕ್ಕಿಗಳನ್ನು ನೋಡಲು ಹತ್ತಿರದಲ್ಲೇ ಎರಡು ಜಾಗಗಳಿವೆ: ಪಾಲೋ ಆಲ್ಟೋ ಬೇಲ್ಯಾಂಡ್ಸ್‌ನ ಹಲಗೆಹಾದಿ ಮತ್ತು ಅಲ್ವಿಸೋದ ಹಳೆಯ ಉಪ್ಪುಕೊಳಗಳ ನಡುವಿನ ಒಡ್ಡಿನ ದಾರಿ. ಎರಡರಲ್ಲೂ ಬೇರೆ ಬೇರೆ ಕಾಲಗಳಲ್ಲಿ ನಡೆದ ಮೇಲೆ, ಆಯ್ಕೆಯನ್ನು ದೂರ ನೋಡಿ ಮಾಡುವುದಕ್ಕಿಂತ ಅಂದಿನ ಉಬ್ಬರ-ಇಳಿತ ನೋಡಿ ಮಾಡುವುದೇ ಸರಿಯೆಂದು ನನಗೆ ತೋರಿದೆ.

ಬೇಲ್ಯಾಂಡ್ಸ್‌ನಲ್ಲಿ ಲೂಸಿ ಇವಾನ್ಸ್ ಹೆಸರಿನ ನಿಸರ್ಗ ಕೇಂದ್ರದ ಹಿಂಬದಿಯಿಂದ ಹೊರಡುವ ಹಾದಿಯು ಪಿಕಲ್‌ವೀಡ್ ಎಂಬ ರಸಭರಿತ ಗಿಡಗಳ ಮತ್ತು ಕಾರ್ಡ್‌ಗ್ರಾಸ್ ಹುಲ್ಲಿನ ಮೇಲೆ ಕಂಬಗಳ ಆಸರೆಯಲ್ಲಿ ಸಾಗಿ ಕೊಲ್ಲಿಯ ಅಂಚಿನಲ್ಲಿ ಮುಗಿಯುತ್ತದೆ. ನೀರು ಇಳಿದಾಗ ತುದಿಯ ಕೆಸರು ಬಯಲಿನಲ್ಲಿ ಉದ್ದ ಕೊಕ್ಕಿನ ಗಾಡ್ವಿಟ್, ವಿಲೆಟ್‌ಗಳು ಹುಳು ಹೆಕ್ಕುತ್ತಿರುತ್ತವೆ. ಆದರೆ ಈ ಹಾದಿಯ ನಿಜವಾದ ಹೊತ್ತು ಡಿಸೆಂಬರ್-ಜನವರಿಯ ಮಹಾ ಉಬ್ಬರದ, ಅಂದರೆ ನೀರು ವರ್ಷದಲ್ಲೇ ಅತಿ ಎತ್ತರಕ್ಕೇರುವ ದಿನಗಳ ಬೆಳಗು. ಆಗ ಜೌಗೆಲ್ಲ ಮುಳುಗುವುದರಿಂದ, ಮಿಕ್ಕ ದಿನಗಳಲ್ಲಿ ದನಿ ಮಾತ್ರ ಕೇಳಿಸುವ, ನಮ್ಮ ಹುಂಡುಕೋಳಿಯ ಕುಟುಂಬಕ್ಕೇ ಸೇರಿದ ರಿಡ್ಜ್‌ವೇ ರೈಲ್ ಹಕ್ಕಿ ಅಡಗಲು ಮರೆಯಿಲ್ಲದೆ ಬಯಲಿಗೆ ಬರುತ್ತದೆ. ಈ ಕೊಲ್ಲಿ ಪ್ರದೇಶದ ಜೌಗುಗಳಲ್ಲಲ್ಲದೆ ಬೇರೆಲ್ಲೂ ಇಲ್ಲದ ಪುಟ್ಟ ಜೌಗು ಇಲಿಯೂ ಎತ್ತರದ ಗಿಡಗಳನ್ನೇರುತ್ತದೆ. ಅದಕ್ಕಾಗಿಯೇ ಹ್ಯಾರಿಯರ್ ಗಿಡುಗ, ಬೆಳ್ಳಕ್ಕಿಗಳು ಹೊಂಚು ಹಾಕಿರುತ್ತವೆ. ರೈಲ್ ಮತ್ತು ಇಲಿ ಎರಡೂ ಅಳಿವಿನಂಚಿನ ಜೀವಿಗಳಾದ್ದರಿಂದ, ಅವು ಆಸರೆ ಪಡೆದ ಗಿಡದತ್ತ ಬಗ್ಗಿ ಮೊಬೈಲ್ ಚಾಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಹಾದಿಗೆ ಎರಡು ಕೊರತೆಗಳಿವೆ: ಬೆಳಗಿನ ಬಿಸಿಲು ಎದುರಿಗೇ ಬೀಳುತ್ತದೆ ಮತ್ತು ಪಕ್ಕದ ನಿಲ್ದಾಣದ ಸಣ್ಣ ವಿಮಾನಗಳ ಸದ್ದು ನಿಲ್ಲುವುದಿಲ್ಲ.

ಅಲ್ವಿಸೋ ಬೇರೆಯೇ ಬಗೆಯದು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡವರಿಗೆ ಒಡ್ಡು, ಕೊಳ, ತೂಬುಗಳ ಈ ಏರ್ಪಾಡು ತಟ್ಟನೆ ಗುರುತು ಸಿಗುತ್ತದೆ, ಅಳತೆ ಮಾತ್ರ ಬಹಳ ದೊಡ್ಡದು. ದಕ್ಷಿಣ ಕೊಲ್ಲಿಯ ಸುಮಾರು 15,000 ಎಕರೆ ಉಪ್ಪುಕೊಳಗಳನ್ನು ಸರ್ಕಾರ 2003ರಲ್ಲಿ ಕೊಂಡು, ಕೆಲವನ್ನು ಮತ್ತೆ ಜೌಗಾಗಿಸಲು ಒಡ್ಡು ಒಡೆದು, ಉಳಿದವನ್ನು ಹಕ್ಕಿಗಳಿಗಾಗಿ ಕೊಳಗಳಾಗಿಯೇ ಕಾಯ್ದುಕೊಂಡಿದೆ. ತೂಬಿನ ಹಿಡಿತದಲ್ಲಿರುವ ಕೊಳಗಳಲ್ಲಿ ನೀರು ಉಬ್ಬರದೊಂದಿಗೆ ಏರಿಳಿಯುವುದಿಲ್ಲವಾದ್ದರಿಂದ ಅವೊಸೆಟ್, ಮೆಟ್ಟುಗಾಲು ಹಕ್ಕಿ, ಬಿಳಿ ಪೆಲಿಕನ್‌ಗಳು ಯಾವ ಹೊತ್ತಿನಲ್ಲಾದರೂ ಸಿಗುತ್ತವೆ. ಕೊಲ್ಲಿಯ ಕೆಸರು ಮುಳುಗಿದಾಗ ಅಲ್ಲಿನ ಹಕ್ಕಿಗಳೂ ವಿಶ್ರಾಂತಿಗೆ ಇಲ್ಲಿಗೇ ಬರುತ್ತವೆ. ಆದರೆ ಅವು ದೂರದಲ್ಲಿರುತ್ತವೆ, ಬೈನಾಕ್ಯುಲರ್ ಸಾಲದು, ಸ್ಟ್ಯಾಂಡಿನ ದೂರದರ್ಶಕ ಬೇಕು. ಪೂರ್ತಿ ಸುತ್ತು ಸುಮಾರು 14 ಕಿಲೋಮೀಟರ್. ದಾರಿಯುದ್ದಕ್ಕೂ ಒಂದು ಮರದ ನೆರಳಿಲ್ಲ.

ಊರಿನಿಂದ ಬಂದ ಅಪ್ಪ-ಅಮ್ಮನನ್ನೋ ಮಕ್ಕಳನ್ನೋ ಕರೆದೊಯ್ಯುವುದಾದರೆ ನಾನು ಯೋಚಿಸದೆ ಪಾಲೋ ಆಲ್ಟೋ ಎನ್ನುತ್ತೇನೆ. ಒಬ್ಬನೇ ಹೊರಟಾಗ, ಮಹಾ ಉಬ್ಬರದ ದಿನಗಳನ್ನು ಬಿಟ್ಟರೆ, ಅಲ್ವಿಸೋ ಕಡೆಗೇ ನನ್ನ ಒಲವು. ಉಬ್ಬರದ ವೇಳಾಪಟ್ಟಿ ನೋಡುವಾಗ ಕೊಲ್ಲಿಯ ಬಾಯಾದ ಗೋಲ್ಡನ್ ಗೇಟ್‌ನ ಸಮಯವನ್ನು ನಂಬಬಾರದು, ಏಕೆಂದರೆ ಉಬ್ಬರವು ದಕ್ಷಿಣದ ತುದಿಗೆ ಸುಮಾರು ಒಂದು ಗಂಟೆ ತಡವಾಗಿ ತಲುಪುತ್ತದೆ ಮತ್ತು ಅಲ್ಲಿಗಿಂತ ಇಲ್ಲಿ ಹೆಚ್ಚು ಎತ್ತರಕ್ಕೆ ಏರುತ್ತದೆ.