ಓವಾಹುವಿನ ಲೂವಾವ್‌ನಲ್ಲಿ ನೋಡಿದ ಬೆಂಕಿಕತ್ತಿ ಕುಣಿತ

ಹವಾಯಿಯ ಓವಾಹು ದ್ವೀಪದಲ್ಲಿ, ಕಡಲತೀರದ ಒಂದು ಲೂವಾವ್‌ಗೆ ಹೋಗಿದ್ದೆವು. ಲೂವಾವ್ ಅಂದರೆ ಹವಾಯಿಯ ಔತಣಕೂಟ. ಊಟ, ಕುಣಿತ ಎರಡೂ ಸೇರಿ ತಲೆಗೆ 140 ಡಾಲರ್. ಸಸ್ಯಾಹಾರಿಗಳಿಗೆ ಗೆಣಸು, ಅನ್ನ, ಅನಾನಸ್, ಜೊತೆಗೆ ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿದ ಪೋಯಿ. ಸಪ್ಪೆ, ಆದರೂ ನನಗೆ ಹಿಡಿಸಿತು.

ನಾನು ಕಾಯುತ್ತಿದ್ದದ್ದು ಕೊನೆಯ ಹತ್ತು ನಿಮಿಷಕ್ಕೆ: ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳವರು ಸಿವಾ ಅಫಿ ಎನ್ನುವ ಬೆಂಕಿಕತ್ತಿ ಕುಣಿತ. ಚಿಕ್ಕಂದಿನಲ್ಲಿ ಗರಡಿಮನೆಯಲ್ಲಿ ದೊಣ್ಣೆವರಸೆ ಕಲಿತವನು ನಾನು, ಇಂಥದ್ದು ಕಂಡರೆ ಕಣ್ಣು ಮೊದಲು ಹೋಗುವುದು ಮಣಿಕಟ್ಟಿಗೆ. ಕುಣಿಯುತ್ತಿದ್ದ ಹುಡುಗನ ಮಣಿಕಟ್ಟಿನಲ್ಲಿ ಚೂರೂ ಬಿಗಿಯಿರಲಿಲ್ಲ. ಎರಡೂ ತುದಿ ಹೊತ್ತಿದ ಕತ್ತಿ ಬೆರಳ ಸಂದಿಯಲ್ಲೇ ಹೊರಳುತ್ತಿತ್ತು, ಬೆನ್ನ ಹಿಂದೆ ಯಾವಾಗ ಕೈ ಬದಲಾಯಿತೋ ತಿಳಿಯುತ್ತಿರಲಿಲ್ಲ. ಒಮ್ಮೆ ಉರಿಯುವ ತುದಿಯನ್ನೇ ಅಂಗಾಲಿಗೆ ಒತ್ತಿಕೊಂಡ. ಮೂರನೇ ಸಾಲಿನಲ್ಲಿದ್ದ ನಮ್ಮ ಮುಖಕ್ಕೆ ಕಾವು ತಟ್ಟಿತು.

ಬೇಸರವಾದದ್ದು ನಿರೂಪಕರ ಮಾತಿನಿಂದ. "ಸಾವಿರಾರು ವರ್ಷಗಳ ಹವಾಯಿಯ ಬೆಂಕಿ ಕುಣಿತ" ಅಂದುಬಿಟ್ಟರು. ಸಮೋವಾದ ಹೆಸರೇ ಬರಲಿಲ್ಲ. ತಿರುಗಿಸುವ ವಿದ್ಯೆ ಹಳೆಯದು, ನಿಜ. ಸಮೋವಾದ ಯೋಧರು ಗದೆ ತಿರುಗಿಸಿ ಮೆರೆಯುತ್ತಿದ್ದ ಐಲಾವೊ ಇದರ ಬೇರು. ಕುಣಿತದ ಆ ಕೊಕ್ಕೆಯ ಕತ್ತಿಗೆ ನಿಫೊ ಒಟಿ ಎಂದು ಹೆಸರು. ಆದರೆ ಬೆಂಕಿ ಸೇರಿದ್ದು 1946ರಲ್ಲಿ, ಅದೂ ಸಾನ್ ಫ್ರಾನ್ಸಿಸ್ಕೊದಲ್ಲಿ! ಅಮೆರಿಕನ್ ಸಮೋವಾದ ಫ್ರೆಡ್ಡಿ ಲೆಟುಲಿ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಅಭ್ಯಾಸಕ್ಕೆ ನಿಂತಿದ್ದರು. ಪಕ್ಕದಲ್ಲೇ ಬೆಂಕಿ ನುಂಗುವ ಒಬ್ಬ ಹಿಂದೂ ಕಲಾವಿದ, ದೀಪದ ಕೋಲು ತಿರುಗಿಸುವ ಒಬ್ಬ ಹುಡುಗಿ. ಅವರನ್ನು ನೋಡಿ ಲೆಟುಲಿಗೆ ಹೊಳೆಯಿತಂತೆ. ಆ ಕಲಾವಿದನಿಂದಲೇ ಎಣ್ಣೆ ಪಡೆದು, ಕತ್ತಿಗೆ ಟವೆಲ್ ಸುತ್ತಿ ಹಚ್ಚಿಯೇಬಿಟ್ಟರು. ಇಷ್ಟು ಚೆಂದದ ಹುಟ್ಟು ಇರುವಾಗ ಅದನ್ನು ಮುಚ್ಚಿ ಸುಳ್ಳು ವಯಸ್ಸು ಹೇಳಿದರೆ, ಮಾಡಿದವರ ಹೆಸರನ್ನೇ ಅಳಿಸಿದ ಹಾಗೆ. ಅರ್ಧ ನಿಮಿಷದಲ್ಲಿ ಹೇಳಬಹುದಾದ ಮಾತು ಇದು.

ಆಟ ಮುಗಿದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಲೆಟುಲಿ ಹೆಸರು ಎತ್ತಿದ್ದೇ ತಡ, ಮುಖ ಅರಳಿತು. ಆರಿದ ಕತ್ತಿಯನ್ನು ನನ್ನ ಕೈಗೇ ಕೊಟ್ಟ. ಸುತ್ತಿದ ಬಟ್ಟೆಯನ್ನು ತಂತಿಯಿಂದ ಬಿಗಿದಿದ್ದರು, ಹಿಡಿಯವರೆಗೂ ಮಸಿ. ಕೊಕ್ಕೆಯ ಕಡೆ ಭಾರ ಜಾಸ್ತಿ, ಒಂದು ಸುತ್ತು ತಿರುಗಿಸುವಷ್ಟರಲ್ಲಿ ನನ್ನ ಕೈ ಸೋತಿತು. ಅವನ ದೊಡ್ಡಪ್ಪ ಕಲಿಸುವಾಗ ಮೊದಲ ವರ್ಷವಿಡೀ ಬರೀ ಕೋಲು ಕೊಟ್ಟಿದ್ದರಂತೆ. ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ ತೋರಿಸಿದ.

ಕುಣಿತಕ್ಕಾಗಿಯೇ ಆದರೂ ಹೋಗಿ. ಮೇ ತಿಂಗಳಲ್ಲಿ ಅಲ್ಲಿರುವವರು ಅದೇ ದ್ವೀಪದ ಲಾಯಿಯೆ ಊರಿನ ಪಾಲಿನೇಷ್ಯನ್ ಕಲ್ಚರಲ್ ಸೆಂಟರಿನಲ್ಲಿ 1993ರಿಂದ ನಡೆಯುತ್ತಿರುವ ಬೆಂಕಿಕತ್ತಿಯ ವಿಶ್ವ ಸ್ಪರ್ಧೆಯನ್ನೂ ವಿಚಾರಿಸಿ. ಲೂವಾವ್‌ನಲ್ಲಿ ಗಾಳಿ ಬರುವ ದಿಕ್ಕಿನ ಕುರ್ಚಿ ಹಿಡಿಯಿರಿ. ಎದುರು ಬದಿಯವರಿಗೆ ಎಣ್ಣೆಯ ಹೊಗೆಯೆಲ್ಲ ಕಣ್ಣಿಗೇ ಬರುತ್ತಿತ್ತು.